ಸೈಕಲ್ ನಿಂತ ದಿನ ರಕ್ತಕ್ಕೆ ಕೆಲಸ

ಫೆಬ್ರವರಿ, ಮಾರ್ಚ್ ಬಂತೆಂದರೆ ಕುಂದಾಪುರ–ಉಡುಪಿ ಹೆದ್ದಾರಿಯಲ್ಲಿ ಹಿಂದೆ ಮುಂದೆ ಚೀಲ ಕಟ್ಟಿಕೊಂಡ ವಿದೇಶಿ ಸೈಕಲ್ ಸವಾರರು ಆಗಾಗ ಕಾಣಸಿಗುತ್ತಾರೆ. ಗೋವಾದಲ್ಲಿ ವಿಮಾನ ಇಳಿದು, ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಕೇರಳದತ್ತ ಹೊರಟವರು. ಊರು ಬಿಡುವಾಗ ಅಲ್ಲಿ ಹಿಮ ಬೀಳುತ್ತಿರುತ್ತದೆ, ಇಲ್ಲಿ ಇಳಿದ ಮೂರನೇ ದಿನಕ್ಕೆ ಕಾರವಾರದ ಘಾಟಿಯಲ್ಲಿ ಬೆವರು ಕಣ್ಣಿಗಿಳಿಯುತ್ತಿರುತ್ತದೆ. ಉಡುಪಿ ಮುಟ್ಟುವ ಹೊತ್ತಿಗೆ ಸುಮಾರು 300 ಕಿಲೋಮೀಟರ್ ಆಗಿರುತ್ತದೆ. ರಥಬೀದಿಯ ಆಸುಪಾಸಿನಲ್ಲಿ ಒಂದು ಲಾಡ್ಜ್ ಹಿಡಿದು, ಸೈಕಲ್ಲಿಗೆ ಬೀಗ ಜಡಿದು, ಮರುದಿನ ಎಲ್ಲಿಗೂ ಹೋಗುವುದಿಲ್ಲ ಎಂದು ತೀರ್ಮಾನಿಸುವ ಜಾಗ ಇದು.

ಅಂಥ ಜೋಡಿಯೊಂದನ್ನು ಕಂಡ ಸೈಕಲ್ ರಿಪೇರಿಯವರೊಬ್ಬರು ನನಗೆ ಹೇಳಿದ ಮಾತು: "ಟಯರಿಗೆ ಗಾಳಿ ಹಾಕ್ಲಿಕ್ಕೆ ಬಂದದ್ದು ಮಾರಾಯ್ರೆ, ನೋಡಿದ್ರೆ ಟಯರಿಗಿಂತ ಜಾಸ್ತಿ ಗಾಳಿ ಅವ್ರಿಗೇ ಬೇಕಿತ್ತು." ತಮಾಷೆಗೆ ಹೇಳಿದ್ದಾದರೂ ಅದರಲ್ಲಿ ಭೌತವಿಜ್ಞಾನವಿದೆ. ಅದಕ್ಕೆ ಆಮೇಲೆ ಬರೋಣ. ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆಯಬೇಕು: ರಜೆಯ ದಿನ ಇರುವುದು ಕಾಲು ನೋವಿಗೆ ಎಂಬುದು. ದಿನಕ್ಕೆ 60 ಕಿಲೋಮೀಟರ್ ನಿಧಾನಕ್ಕೆ ತುಳಿಯುವವರ ಕಾಲು ನಾಲ್ಕೈದು ದಿನಕ್ಕೆ ಪಳಗಿಬಿಡುತ್ತದೆ. ಕರಾವಳಿಯ ಸೆಕೆಯಲ್ಲಿ ಸೋಲುವುದು ಕಾಲಲ್ಲ, ರಕ್ತ. ರಜೆ ಬೇಕಾಗುವುದೂ ಅದಕ್ಕೇ.

ಲೆಕ್ಕ ಹೀಗಿದೆ. ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗವನ್ನು ಪೆಡಲಿಗೆ ಕೊಡುತ್ತವೆ, ಉಳಿದ ಮುಕ್ಕಾಲು ಭಾಗ ಶಾಖವಾಗುತ್ತದೆ. ಚೀಲ ಹೊತ್ತ ಸೈಕಲ್ಲನ್ನು ಹದವಾಗಿ ಓಡಿಸಲು 100 ವ್ಯಾಟ್ ಬೇಕೆಂದರೆ, ಮೈಯೊಳಗೆ 300ರಿಂದ 400 ವ್ಯಾಟ್ ಶಾಖ ಹುಟ್ಟುತ್ತಲೇ ಇರುತ್ತದೆ. ಅದನ್ನು ಹೊರಹಾಕಲು ನಮಗಿರುವ ದೊಡ್ಡ ದಾರಿ ಬೆವರು. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆವಿಯಾದರೆ ಸುಮಾರು 24 ಲಕ್ಷ ಜೂಲ್ ಶಾಖವನ್ನು ಕೊಂಡೊಯ್ಯುತ್ತದೆ. ಅಂದರೆ 400 ವ್ಯಾಟಿನ ಸವಾರನಿಗೆ ಗಂಟೆಗೆ 600 ಮಿಲಿಲೀಟರ್ ಬೆವರು ಸಾಕು. ಕಾಗದದ ಮೇಲೆ ಸಾಕು. ಉಡುಪಿಯಲ್ಲಿ ಸಾಲದು, ಏಕೆಂದರೆ ಬೆವರು ಇಳಿಯುವುದು ಬೇರೆ, ಬೆವರು ಆರುವುದು ಬೇರೆ. ಮೊಣಕೈಯಿಂದ ತೊಟ್ಟಿಕ್ಕಿ ಡಾಂಬರಿಗೆ ಬಿದ್ದ ಹನಿ ಮೈಯನ್ನು ಒಂದಿಷ್ಟೂ ತಂಪು ಮಾಡಿರುವುದಿಲ್ಲ. ಅದು ಬರೀ ನೀರಿನ ನಷ್ಟ, ಉಪ್ಪಿನ ನಷ್ಟ.

ಇದನ್ನು ನೋಡಬೇಕಿದ್ದರೆ ಆ ಲಾಡ್ಜಿನ ಬಾಲ್ಕನಿಗೆ ಹೋದರೆ ಸಾಕು. ರಜೆಯ ದಿನ ಸವಾರರು ಮಾಡುವ ಮೊದಲ ಕೆಲಸ ಬಟ್ಟೆ ಒಗೆಯುವುದು. ಒಗೆಯುವ ಮುಂಚೆ ಆ ಜರ್ಸಿಯ ಬೆನ್ನನ್ನು ಗಮನಿಸಿ: ಹೆಗಲಿನಿಂದ ಕೆಳಕ್ಕೆ ಬಿಳಿ ಗೆರೆಗಳು, ಒಂದರೊಳಗೊಂದು ಅಂಚು, ಪ್ರತಿ ಅಂಚೂ ಬೆವರು ಒಮ್ಮೆ ಒಣಗಿ ನಿಂತ ಗಡಿ. ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ, ಅಡುಗೆ ಉಪ್ಪೇ ಅದು. ಒಗೆದು ಹಗ್ಗಕ್ಕೆ ಹಾಕಿದ ಜರ್ಸಿ ನೆರಳಿನಲ್ಲಿ ಸಂಜೆಯಾದರೂ ತಣ್ಣಗೆ, ಒದ್ದೆಯಾಗಿಯೇ ಇರುತ್ತದೆ. ಅದನ್ನೇ ಒಳಗೆ ತಂದು ಫ್ಯಾನಿನ ಕೆಳಗೆ ಕುರ್ಚಿಯ ಬೆನ್ನಿಗೆ ಹರಡಿದರೆ ಬೇಗ ಒಣಗುತ್ತದೆ. ಚರ್ಮದ ಕಥೆ ಈ ಜರ್ಸಿಯ ಕಥೆಯೇ. ಗಾಳಿಯಲ್ಲಿ ಆಗಲೇ ಎಷ್ಟು ಆವಿ ಇದೆ, ಗಾಳಿ ಎಷ್ಟು ಆಡುತ್ತಿದೆ, ಈ ಎರಡೇ ಇಲ್ಲಿ ಮುಖ್ಯ.

ನೀರಾವಿ ಹಾಕುವ ಒತ್ತಡವನ್ನು, ಅಂದರೆ ಆವಿಯೊತ್ತಡವನ್ನು, ರಕ್ತದೊತ್ತಡದಂತೆಯೇ ಪಾದರಸದ ಮಿಲಿಮೀಟರಿನಲ್ಲಿ ಹೇಳಬಹುದು. 35 ಡಿಗ್ರಿಯ ಒದ್ದೆ ಚರ್ಮದ ಮೇಲೆ ಅದು 42. ಉಷ್ಣಾಂಶ 33 ಡಿಗ್ರಿ, ತೇವಾಂಶ ಶೇಕಡಾ 70 ಇರುವ ಉಡುಪಿಯ ಮಧ್ಯಾಹ್ನದ ಗಾಳಿಯಲ್ಲಿ ಸುಮಾರು 26. ನಡುವಿನ ವ್ಯತ್ಯಾಸ 16 ಮಾತ್ರ. ಬೆವರನ್ನು ಗಾಳಿಗೆ ತಳ್ಳುವ ಬಲ ಅಷ್ಟೇ. ಈಗ ಕಲಬುರಗಿಯ ಒಂದು ಮೇ ಮಧ್ಯಾಹ್ನ ತೆಗೆದುಕೊಳ್ಳಿ, 42 ಡಿಗ್ರಿ, ತೇವಾಂಶ ಶೇಕಡಾ 20. ಅಲ್ಲಿನ ಗಾಳಿಯ ಆವಿಯೊತ್ತಡ 12, ವ್ಯತ್ಯಾಸ 30. ಹತ್ತಿರ ಹತ್ತಿರ ಇಮ್ಮಡಿ. ಕಲಬುರಗಿಯ ಬಿಸಿಗಾಳಿ ಮೈಗೆ ಹೊರಗಿನಿಂದಲೂ ಶಾಖ ತುಂಬುತ್ತದೆ ಎಂಬುದು ನಿಜ, ಆದರೆ ಬೆವರು ಅಲ್ಲಿ ತನ್ನ ಕೆಲಸ ಮಾಡಿ ಮುಗಿಸುತ್ತದೆ. ಉಷ್ಣಮಾಪಕದ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಅಳೆಯುವ ಆರ್ದ್ರ ಉಷ್ಣಾಂಶ ಗಾಳಿಯ ಬಿಸಿ, ತೇವ ಎರಡನ್ನೂ ಒಟ್ಟಿಗೆ ತೂಗುತ್ತದೆ: ಆ ಕಲಬುರಗಿಗೆ 24 ಡಿಗ್ರಿ, ಈ ಉಡುಪಿಗೆ 28. ಒಂಬತ್ತು ಡಿಗ್ರಿ ತಂಪಾಗಿರುವ ಊರು ಸೈಕಲ್ ಸವಾರನಿಗೆ ಹೆಚ್ಚು ಕಷ್ಟದ ಊರು. ಹವಾಮಾನ ಇಲಾಖೆ ಬಯಲು ಸೀಮೆಯಲ್ಲಿ ಬಿಸಿಗಾಳಿ ಘೋಷಿಸಲು ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಿರಬೇಕೆಂದೂ ಕರಾವಳಿಗೆ 37 ಸಾಕೆಂದೂ ಗೆರೆ ಎಳೆದಿರುವುದು ಸುಮ್ಮನೆ ಅಲ್ಲ.

ಆರ್ದ್ರ ಉಷ್ಣಾಂಶ 35 ಡಿಗ್ರಿಗೆ ಹೋದರೆ ಮನುಷ್ಯ ನೆರಳಲ್ಲಿ ಸುಮ್ಮನೆ ಕೂತರೂ ಕೆಲವು ಗಂಟೆಗಳಾಚೆ ಉಳಿಯಲಾರ ಎಂದು 2010ರಲ್ಲಿ ಹವಾಮಾನ ವಿಜ್ಞಾನಿಗಳಾದ ಸ್ಟೀವನ್ ಶೆರ್ವುಡ್ ಮತ್ತು ಮ್ಯಾಥ್ಯೂ ಹ್ಯೂಬರ್ ಲೆಕ್ಕ ಹಾಕಿ ತೋರಿಸಿದ್ದರು. ಆಮೇಲೆ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯವಂತ ಯುವಕ ಯುವತಿಯರನ್ನೇ ಕೋಣೆಯಲ್ಲಿ ಕೂರಿಸಿ, ಹಗುರ ಚಟುವಟಿಕೆ ಕೊಟ್ಟು ಅಳೆದಾಗ, ತೇವಭರಿತ ಗಾಳಿಯಲ್ಲಿ ಸುಮಾರು 31 ಡಿಗ್ರಿಗೇ ಮೈಯ ಉಷ್ಣಾಂಶ ಹಿಡಿತ ತಪ್ಪತೊಡಗಿತು. 28ಕ್ಕೂ 31ಕ್ಕೂ ಇರುವ ಅಂತರ ಅಷ್ಟೇನೂ ದೊಡ್ಡದಲ್ಲ, ಅದರಲ್ಲೂ ಮೇಲೆ ಬಿಸಿಲು, ಕೆಳಗೆ ಕಾದ ಡಾಂಬರು ಇರುವಾಗ.

ಒಣ ಗಾಳಿ ಎಷ್ಟರ ಮಟ್ಟಿಗೆ ಕ್ಷಮಿಸುತ್ತದೆ ಎಂಬುದಕ್ಕೆ ಒಂದು ಹಳೆಯ, ಸ್ವಲ್ಪ ವಿಚಿತ್ರವಾದ ಪ್ರಯೋಗವಿದೆ. 1774ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಬ್ಲಾಗ್ಡನ್ ಎಂಬ ವೈದ್ಯ ತನ್ನ ಸ್ನೇಹಿತರೊಂದಿಗೆ ಕಾಯಿಸಿದ ಕೋಣೆಯೊಳಗೆ ಹೊಕ್ಕ. ಒಂದು ಹಂತದಲ್ಲಿ ಒಳಗಿನ ಉಷ್ಣಾಂಶ ಸುಮಾರು 127 ಡಿಗ್ರಿ ಸೆಲ್ಸಿಯಸ್ ಇತ್ತು. ಅದೇ ಕೋಣೆಯಲ್ಲಿ ಇಟ್ಟ ಮಾಂಸ ಬೆಂದುಹೋಯಿತು, ಒಳಗಿದ್ದ ಮನುಷ್ಯರು ನಡೆದುಕೊಂಡು ಹೊರಬಂದರು. ಅವರನ್ನು ಉಳಿಸಿದ್ದು ಬೆವರು ಮತ್ತು ಕೋಣೆಯ ಒಣ ಗಾಳಿ. ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಯ, ಆದರೆ ಹಬೆ ತುಂಬಿದ ಕೋಣೆಯನ್ನು ತಾಳಿಕೊಳ್ಳುವುದು ಕಷ್ಟವೆಂದೂ ಆ ತಂಡ ಕಂಡುಕೊಂಡಿತು. ನಮಗೆ ಇದನ್ನು ತಿಳಿಯಲು ಕೋಣೆ ಬೇಕಿಲ್ಲ, ಏಪ್ರಿಲ್ ಕೊನೆಯಲ್ಲಿ ಮದುವೆ ಹಾಲಿನ ಊಟದ ಪಂಕ್ತಿಯಲ್ಲಿ ಕೂತರಾಯಿತು.

ಗಾಳಿಯ ಮಾತಿಗೆ ಬರೋಣ. ಗಂಟೆಗೆ 18 ಕಿಲೋಮೀಟರ್ ಓಡುವ ಸವಾರ ತನ್ನ ಗಾಳಿಯನ್ನು ತಾನೇ ಮಾಡಿಕೊಳ್ಳುತ್ತಾನೆ. ಅದಕ್ಕೇ ಓಡುವಾಗ ಹಿತ, ಸಿಗ್ನಲ್ಲಿನಲ್ಲಿ ನಿಂತ ಕೂಡಲೇ ಬೆವರು ಧಾರೆ. ನಿಂತಾಗ ಬೆವರು ಹೆಚ್ಚಾದದ್ದಲ್ಲ, ಆರುವುದು ನಿಂತದ್ದು. ರಿಪೇರಿಯವರು ಕಂಡದ್ದು ಅದನ್ನೇ. ಇನ್ನೊಂದು ಸಂಗತಿ ಹೊಸಬರಿಗೆ ಒಗಟಾಗಿ ಕಾಡುತ್ತದೆ. ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ಮಧ್ಯಾಹ್ನದ ಕಡಲಗಾಳಿ ನಮ್ಮಲ್ಲಿ ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ದಕ್ಷಿಣಕ್ಕೆ ಹೊರಟವರಿಗೆ ಅದು ಬೆನ್ನಿಗೆ, ತುಳಿಯುವುದು ಸುಲಭ. ಆದರೆ ಗಾಳಿ ನಮ್ಮ ಜೊತೆಗೇ ಓಡುತ್ತಿದ್ದರೆ ಚರ್ಮದ ಮೇಲೆ ಹಾಯುವ ಗಾಳಿ ಕಡಿಮೆ. ವೇಗ ಸಿಗುತ್ತದೆ, ತಂಪು ಸಿಗುವುದಿಲ್ಲ. ಎದುರುಗಾಳಿಯನ್ನು ಬೈಯುತ್ತ ಉತ್ತರಕ್ಕೆ ತುಳಿಯುವವರ ಮೈ ಅಷ್ಟು ಬೇಗ ಕಾಯುವುದಿಲ್ಲ.

ಈಗ ರಕ್ತ. ಸುಮ್ಮನಿದ್ದಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದೂಡುತ್ತದೆ. ವಿಪರೀತ ಸೆಕೆಯಲ್ಲಿ ಶಾಖ ಹೊರಹಾಕಲು ಚರ್ಮವೊಂದೇ 6ರಿಂದ 8 ಲೀಟರ್ ಕೇಳಬಲ್ಲದು. ಅದೇ ಹೊತ್ತಿಗೆ ತೊಡೆಯ ಸ್ನಾಯುಗಳೂ ಕೇಳುತ್ತಿರುತ್ತವೆ. ಕೊಡಬೇಕಾದದ್ದು ಒಂದೇ ಹೃದಯ, ಮತ್ತು ಅದರ ಕೈಯಲ್ಲಿರುವ ರಕ್ತ ಕಡಿಮೆಯಾಗುತ್ತ ಹೋಗುತ್ತದೆ, ಏಕೆಂದರೆ ಬೆವರಿನ ನೀರು ಬರುವುದು ರಕ್ತದ ತಿಳಿ ಭಾಗವಾದ ಪ್ಲಾಸ್ಮಾದಿಂದ. ದೊಡ್ಡವರ ಮೈಯಲ್ಲಿ ಅದು ಇರುವುದೇ 3 ಲೀಟರಿನಷ್ಟು. ಅಕ್ಕಪಕ್ಕದ ಅಂಗಾಂಶಗಳಿಂದ ನೀರು ಬಂದು ಸೇರಿಕೊಂಡರೂ ಕೊರತೆ ಪೂರ್ತಿ ತುಂಬುವುದಿಲ್ಲ. ಪ್ರತಿ ಬಡಿತಕ್ಕೆ ಹೋಗುವ ರಕ್ತ ಕಡಿಮೆಯಾದಾಗ ಹೃದಯ ಬಡಿತದ ಸಂಖ್ಯೆ ಏರಿಸುತ್ತದೆ. ಬೆಳಿಗ್ಗೆ ಬೈಂದೂರು ಬಿಡುವಾಗ ನಿಮಿಷಕ್ಕೆ 120 ಇದ್ದ ಬಡಿತ, ಅದೇ ರಸ್ತೆ, ಅದೇ ವೇಗ, ಬ್ರಹ್ಮಾವರದ ಹೊತ್ತಿಗೆ 140 ದಾಟಿದರೆ ಆಶ್ಚರ್ಯವಿಲ್ಲ. ಸವಾರನಿಗೆ ಅದು ಕಾಲಿನ ಸುಸ್ತಾಗಿ ತೋರುತ್ತದೆ.

ದೇಹ ಇದಕ್ಕೆ ಮದ್ದು ಹುಡುಕುತ್ತದೆ, ಮತ್ತು ಬಹಳ ಜಾಣತನದಿಂದ. ಸೆಕೆಯಲ್ಲಿ ದುಡಿದ ದಿನಗಳಲ್ಲಿ ಮೂತ್ರಪಿಂಡಕ್ಕೆ ಉಪ್ಪು, ನೀರು ಬಿಡಬೇಡ ಎಂಬ ಹಾರ್ಮೋನುಗಳ ಆಜ್ಞೆ ಹೋಗುತ್ತದೆ. ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಹೆಚ್ಚುತ್ತದೆ, ಅದು ತನ್ನ ಜೊತೆ ನೀರನ್ನೂ ರಕ್ತನಾಳದೊಳಕ್ಕೆ ಎಳೆದು ಹಿಡಿಯುತ್ತದೆ. ಮೊದಲ ಐದಾರು ದಿನಗಳಲ್ಲೇ ಪ್ಲಾಸ್ಮಾದ ಪ್ರಮಾಣ ಎದ್ದು ಕಾಣುವಷ್ಟು ಏರುತ್ತದೆ. ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಪೂರ್ತಿ ಒಗ್ಗಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ. ಗೋವಾದಿಂದ ಹೊರಟವರು ಉಡುಪಿ ಸೇರುವುದು ಹೆಚ್ಚುಕಡಿಮೆ ಐದನೇ ದಿನ, ಅಂದರೆ ಈ ಕಟ್ಟುವ ಕೆಲಸ ಅರ್ಧಕ್ಕೆ ಬಂದಿರುವಾಗ. ರಜೆ ಹಾಕಲು ಇದಕ್ಕಿಂತ ಒಳ್ಳೆಯ ದಿನ ಲೆಕ್ಕ ಹಾಕಿ ಹುಡುಕಿದರೂ ಸಿಗಲಿಕ್ಕಿಲ್ಲ. ಬೆವರಿನ ಸೋರಿಕೆ ನಿಂತಿದೆ, ಆಜ್ಞೆ ಮಾತ್ರ ಜಾರಿಯಲ್ಲಿದೆ. ಕುಡಿದ ನೀರು, ತಿಂದ ಉಪ್ಪು, ಪ್ರೋಟೀನ್ ಎಲ್ಲ ಆ ಖಾತೆಗೇ ಜಮಾ.

ಹಾಗಾದರೆ ಎ.ಸಿ. ರೂಮು? "ದಿನವಿಡೀ ಎ.ಸಿ.ಯಲ್ಲಿ ಮಲಗಿದ್ರೆ ಒಗ್ಗಿದ್ದೆಲ್ಲ ಹೋಗುದಿಲ್ವಾ?" ಎಂದು ಕೇಳುವವರಿದ್ದಾರೆ. ಹೋಗುವುದಿಲ್ಲ. ಒಗ್ಗಿಕೊಂಡದ್ದು ಸೆಕೆ ಸೋಕದೇ ಇದ್ದರೆ ದಿನಕ್ಕೆ ನೂರಕ್ಕೆ ಎರಡು ಮೂರರಷ್ಟು ನಿಧಾನವಾಗಿ ಕರಗುತ್ತದೆ. ಒಂದು ದಿನಕ್ಕೆ ಹೆದರಬೇಕಾಗಿಲ್ಲ. ಅದಕ್ಕಿಂತ ನಿದ್ದೆ ದೊಡ್ಡದು. ನಿದ್ದೆ ಆಳವಾಗಬೇಕಾದರೆ ಮೈಯೊಳಗಿನ ಉಷ್ಣಾಂಶ ಸ್ವಲ್ಪ ಇಳಿಯಬೇಕು, ಬೇಸಗೆಯಲ್ಲಿ ಕರಾವಳಿಯ ರಾತ್ರಿ ಅಷ್ಟು ತಣಿಯಲು ಒಪ್ಪುವುದಿಲ್ಲ. ಡೇರೆ ಹೊತ್ತು ಬಂದವರೂ ಆ ಎರಡು ರಾತ್ರಿ ಹಣ ಕೊಟ್ಟು ತಂಪು ಕೊಂಡುಕೊಂಡರೆ ಅದು ಸೋಮಾರಿತನವಲ್ಲ, ನನ್ನ ಮಟ್ಟಿಗೆ ಇಡೀ ಪ್ರವಾಸದ ಅತ್ಯುತ್ತಮ ಖರ್ಚು.

ಉಪ್ಪಿನ ಲೆಕ್ಕ ಸ್ವಲ್ಪ ನಿಧಾನವಾಗಿ ನೋಡಬೇಕು, ಹೆಚ್ಚಿನವರು ಎಡವುವುದು ಇಲ್ಲೇ. ಬೆವರಿನಲ್ಲಿ ಉಪ್ಪು ಮನುಷ್ಯರಿಂದ ಮನುಷ್ಯರಿಗೆ ಬಹಳ ಬೇರೆ. ಲೀಟರಿಗೆ ಎರಡು ಎರಡೂವರೆ ಗ್ರಾಂ ಎಂದು ಹಿಡಿದರೂ, ದಿನಕ್ಕೆ ಐದು ಲೀಟರ್ ಬೆವರಿದವರು ಹತ್ತು ಗ್ರಾಂ ಉಪ್ಪು ರಸ್ತೆಗೆ ಸುರಿದಂತಾಯಿತು. ಆರೋಗ್ಯವಂತರು ದಿನಕ್ಕೆ 5 ಗ್ರಾಂ ಉಪ್ಪು ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಕಚೇರಿಯಲ್ಲಿ ಕೂತವರಿಗೆ. ಬಿಸಿಲಿನಲ್ಲಿ ತುಳಿಯುವವರು ಬರೀ ನೀರನ್ನೇ ಬಾಟಲಿಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ, ತಲೆನೋವು, ವಾಕರಿಕೆ, ಗೊಂದಲ, ಕೊನೆಗೆ ಮಿದುಳಿನ ಊತ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ರಕ್ತ ಪರೀಕ್ಷೆಗೆ ಒಪ್ಪಿದ 488 ಓಟಗಾರರಲ್ಲಿ ಶೇಕಡಾ 13ರಷ್ಟು ಮಂದಿಗೆ ಸೋಡಿಯಂ ಕಡಿಮೆ ಇತ್ತು. ಅವರಲ್ಲಿ ಬಹಳ ಮಂದಿ ನೀರು ಸಾಲದವರಲ್ಲ, ಹೆಚ್ಚಾದವರು.

ಸೀಯಾಳ? ಕುಡಿಯಲಿ, ಎರಡು ಕುಡಿಯಲಿ. ಆದರೆ ಅದರಲ್ಲಿ ಧಾರಾಳವಾಗಿರುವುದು ಪೊಟ್ಯಾಸಿಯಂ. ಬೆವರಿನಲ್ಲಿ ಹೋದದ್ದು ಮುಖ್ಯವಾಗಿ ಸೋಡಿಯಂ, ಸೀಯಾಳದಲ್ಲಿ ಅದು ಸಾಲದು. ನಮ್ಮ ಊರಿನ ಹೆಮ್ಮೆಗೆ ಪೆಟ್ಟಾಗುವ ಮಾತಾದರೂ ಹೇಳಲೇಬೇಕು, ಈ ಕೆಲಸಕ್ಕೆ ಸೀಯಾಳಕ್ಕಿಂತ ಗಂಜಿ ಮೇಲು. ಕುಚ್ಚಲಕ್ಕಿ ಗಂಜಿ, ಅದರ ತಿಳಿ, ಮೇಲೆ ಎರಡು ಚಿಟಿಕೆ ಉಪ್ಪು, ಬದಿಗೆ ಮಿಡಿ ಉಪ್ಪಿನಕಾಯಿ. ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲುಕೋಸ್ ಒಂದೇ ಬಾಗಿಲಿನಿಂದ ಜೊತೆಯಾಗಿ ಒಳಹೋಗುತ್ತವೆ ಎಂದು 1960ರಲ್ಲಿ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ ಹೇಳಿದರು. ಅವುಗಳ ಹಿಂದೆಯೇ ನೀರೂ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ಡ್ರಿಪ್ ಬಾಟಲಿ ಮುಗಿದ ಮೇಲೆ ವೈದ್ಯ ದಿಲೀಪ್ ಮಹಲನಾಬಿಸ್ ಉಪ್ಪು–ಗ್ಲುಕೋಸ್ ನೀರನ್ನು ಡ್ರಮ್ಮುಗಳಲ್ಲಿ ಕದಡಿ ಕುಡಿಸಿ ಸಾವಿರಾರು ಜೀವ ಉಳಿಸಿದರು. ಇಂದಿನ ಓ.ಆರ್.ಎಸ್. ಪೊಟ್ಟಣ ಅದೇ ವಂಶದ್ದು. ಅಕ್ಕಿಯ ಗಂಜಿಯೂ ಕರುಳಿನಲ್ಲಿ ಮೆಲ್ಲಗೆ ಗ್ಲುಕೋಸ್ ಆಗಿ ಅದೇ ಬಾಗಿಲು ತಟ್ಟುತ್ತದೆ, ಅಕ್ಕಿಪುಡಿಯಿಂದ ಮಾಡಿದ ಓ.ಆರ್.ಎಸ್. ಕೂಡ ಕಾಲರಾ ರೋಗಿಗಳಲ್ಲಿ ಯಶಸ್ವಿಯಾಗಿದೆ. ಉಪ್ಪು ಹಾಕಿದ ಮಜ್ಜಿಗೆ ನೀರು, ಉಪ್ಪು–ಬೆಲ್ಲದ ಪುನರ್ಪುಳಿ ಶರಬತ್ತು ಇದೇ ಸಾಲಿಗೆ ಬರುತ್ತವೆ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ತಮ್ಮ ವೈದ್ಯರನ್ನು ಕೇಳದೆ ಉಪ್ಪು ಏರಿಸಬಾರದು.

ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ಆಗಿ ಶೇಖರವಾಗುವ ಸಕ್ಕರೆ ಸುಮಾರು 500 ಗ್ರಾಂ. ಖಾಲಿಯಾದದ್ದು ತುಂಬಲು ಒಂದು ದಿನ ಬೇಕು, ಜೊತೆಗೆ ಮೈಯ ತೂಕದ ಕಿಲೋ ಒಂದಕ್ಕೆ 7 ಗ್ರಾಂನಷ್ಟು ಪಿಷ್ಟ. 70 ಕಿಲೋದವರು ಅನ್ನದಿಂದಲೇ ಇದನ್ನು ತುಂಬಲು ಹೊರಟರೆ ಒಂದೂಮುಕ್ಕಾಲು ಕಿಲೋ ಅನ್ನ ಉಣ್ಣಬೇಕು. ಅದಕ್ಕೇ ಬನ್ಸು, ನೀರುದೋಸೆ, ಬಾಳೆಹಣ್ಣು, ಮಠದ ಊಟದ ಪಾಯಸ ಇರುವುದು ಎಂದುಕೊಳ್ಳಿ. ಒಂದು ಗ್ರಾಂ ಗ್ಲೈಕೋಜನ್ ಜೊತೆಗೆ ಮೂರು ಗ್ರಾಂ ನೀರೂ ಕೂರುವುದರಿಂದ ರಜೆಯ ದಿನ ತೂಕ ಒಂದೆರಡು ಕಿಲೋ ಏರಬಹುದು. ಕೊಬ್ಬಲ್ಲ ಅದು.

ಇಷ್ಟೆಲ್ಲ ಕಟ್ಟುವ ದಿನವನ್ನು ಹಾಳು ಮಾಡುವ ಸುಲಭ ದಾರಿ ಪ್ರವಾಸಿ ಪಟ್ಟಿ. ನಡುಮಧ್ಯಾಹ್ನ ಮಲ್ಪೆಯಿಂದ ದೋಣಿ ಹಿಡಿದು ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ನೆರಳಿಲ್ಲದ ಕಲ್ಲುಗಳ ಮೇಲೆ ಎರಡು ಗಂಟೆ ಕಳೆಯುವುದು ರಜೆಯಲ್ಲ. ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದ ಲಾವಾ ಕಂಬಗಳವು, ಬೆಳಗಿನ ಮೊದಲ ದೋಣಿಗೆ ಹೋದರೂ ಅಲ್ಲೇ ಇರುತ್ತವೆ. ಸಂಜೆ ಸಮುದ್ರಕ್ಕಿಳಿಯುವುದು ಒಳ್ಳೆಯದು. ನೀರು 30 ಡಿಗ್ರಿ ಇದ್ದರೂ ಚರ್ಮಕ್ಕಿಂತ ತಂಪು, ಮತ್ತು ನೀರು ಗಾಳಿಗಿಂತ 25 ಪಟ್ಟು ಚೆನ್ನಾಗಿ ಶಾಖ ಎಳೆಯುತ್ತದೆ. ಬಾವಿ ಇರುವ ಹೋಂಸ್ಟೇ ಸಿಕ್ಕರೆ ಇನ್ನೂ ಸುಖ. ಬಾವಿ ನೀರಿನ ಉಷ್ಣಾಂಶ ಊರಿನ ವರ್ಷದ ಸರಾಸರಿಗೆ ಹತ್ತಿರ, 27ರ ಸುಮಾರು. ನಾಲ್ಕು ಕೊಡಪಾನ ತಲೆಗೆ ಸುರಿದುಕೊಂಡರೆ ಯಾವ ಶವರೂ ಬೇಡ, ಮಧ್ಯಾಹ್ನದ ಹೊತ್ತು ಮಹಡಿ ಟ್ಯಾಂಕಿನ ನೀರು ಹೇಗಿರುತ್ತದೆಂದು ಗೊತ್ತೇ ಇದೆ.

ನಮ್ಮ ಕಡೆಯವರು ಹೊರದೇಶಕ್ಕೆ ಹೋದಾಗ ಸಮಸ್ಯೆ ತಿರುಗಿ ನಿಲ್ಲುತ್ತದೆ. 200, 300 ಕಿಲೋಮೀಟರಿನ ಬ್ರೆವೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮುಗಿಸಿದ ಮಂಗಳೂರಿನ ಹುಡುಗರು ಜುಲೈಯಲ್ಲಿ ದಕ್ಷಿಣ ಸ್ಪೇನಿನಲ್ಲಿ ತುಳಿದರೆ ಮೈಯಲ್ಲಿ ಬೆವರೇ ಕಾಣುವುದಿಲ್ಲ. ಬಂದದ್ದು ಬಂದಲ್ಲೇ ಆರಿಹೋಗುತ್ತದೆ. ಒದ್ದೆ ಬೆನ್ನಿನ ಲೆಕ್ಕದಲ್ಲಿ ನೀರು ಕುಡಿದು ರೂಢಿಯಾದವರಿಗೆ ಬಾಯಾರಿದ್ದು ತಿಳಿಯುವುದು ತಡವಾಗಿ.

ಒಂದು ಎಚ್ಚರಿಕೆ ಮಾತ್ರ ಒತ್ತಿ ಹೇಳಬೇಕು. ಬಿಸಿಲಾಘಾತವಾದರೆ ಬೆವರು ನಿಲ್ಲುತ್ತದೆ ಎಂಬ ನಂಬಿಕೆ ಇದೆ. ದುಡಿಯುತ್ತಿರುವಾಗ ಆಗುವ ಆಘಾತದಲ್ಲಿ ಬೆವರು ಹರಿಯುತ್ತಲೇ ಇರಬಹುದು. ನೋಡಬೇಕಾದದ್ದು ತಲೆಯನ್ನು: ತೊದಲು ಮಾತು, ಸಿಟ್ಟು, ದಾರಿ ತಪ್ಪಿದ ಉತ್ತರ. ಆಗ 108ಕ್ಕೆ ಕರೆ ಮಾಡಬೇಕು, ಅದು ಬರುವವರೆಗೆ ಕಾಯದೆ ಸಿಕ್ಕಿದ ತಣ್ಣೀರಿನಲ್ಲಿ ಮೈ ಮುಳುಗಿಸಬೇಕು ಇಲ್ಲವೇ ಸುರಿಯುತ್ತಲೇ ಇರಬೇಕು.

ಮರುದಿನ ಎಷ್ಟು ಹೊತ್ತಿಗೆ ಹೊರಡುವುದು? ಮುಂಜಾನೆ ತೇವಾಂಶ ಶೇಕಡಾ 90 ಇರುತ್ತದೆ, ಮಧ್ಯಾಹ್ನ 70, ಹಾಗಾಗಿ ತಡವಾಗಿ ಹೊರಡುವುದೇ ಮೇಲೆಂದು ಫೋನ್ ತೋರಿಸಿ ವಾದಿಸುವವರುಂಟು. ಶೇಕಡಾವಾರು ಇಲ್ಲಿ ದಾರಿ ತಪ್ಪಿಸುತ್ತದೆ. 26 ಡಿಗ್ರಿಯ ಗಾಳಿಯ ಶೇಕಡಾ 90 ಎಂದರೆ ಆವಿಯೊತ್ತಡ 23 ಮಿಲಿಮೀಟರ್ ಅಷ್ಟೇ, ಮಧ್ಯಾಹ್ನದ 26ಕ್ಕಿಂತ ಕಡಿಮೆ. ಗಾಳಿಯೂ ಮೈಗಿಂತ ಒಂಬತ್ತು ಡಿಗ್ರಿ ತಂಪು, ಚದರ ಮೀಟರಿಗೆ ಸಾವಿರ ವ್ಯಾಟಿನ ಬಿಸಿಲೂ ಇಲ್ಲ. ಐದೂವರೆಗೆ ದೀಪ ಹಾಕಿ ಹೊರಟವರು ಕಟಪಾಡಿ, ಕಾಪು, ಪಡುಬಿದ್ರಿ ದಾಟಿ ಬಿಸಿಲೇರುವ ಮುನ್ನ ಮೂಲ್ಕಿಯಲ್ಲಿ ಚಾ ಕುಡಿಯಬಹುದು.

ಹೊರಡುವ ಮುಂಚೆ, ಹಾಸಿಗೆಯಿಂದ ಏಳುವ ಮೊದಲೇ, ಒಂದು ನಿಮಿಷ ನಾಡಿ ಎಣಿಸಿಕೊಳ್ಳುವುದು ಒಳ್ಳೆಯದು. ದಿನನಿತ್ಯದ ಸಂಖ್ಯೆಯ ಆಸುಪಾಸಿನಲ್ಲಿದ್ದರೆ ರಕ್ತ ತನ್ನ ಕೆಲಸ ಮುಗಿಸಿದೆ, ಚೀಲ ಕಟ್ಟಬಹುದು. ಎಂಟು ಹತ್ತು ಬಡಿತ ಹೆಚ್ಚಿಗೆ ಬಂದು, ಮೂತ್ರದ ಬಣ್ಣವೂ ಗಾಢವಾಗಿದ್ದರೆ ಕೆಳಗಿಳಿದು ಕೌಂಟರಿನಲ್ಲಿ ಇನ್ನೊಂದು ರಾತ್ರಿಯ ಬಾಡಿಗೆ ಕಟ್ಟಿ ಮತ್ತೆ ಮಲಗುವುದೇ ಸರಿ. ಗಂಜಿ ಊಟಕ್ಕೆ ಹನ್ನೆರಡೂವರೆಗೆ ಎದ್ದರೆ ಸಾಕು.